ತಾಟಿನ ಅಕ್ಕಿಯ ಹೆಸರು

ಔರಾದದಿಂದ ಬೀದರಿಗೆ ಹೊರಟ ಬಸ್ಸಿನಲ್ಲಿ ಮನಿಷಾ ಮಡಿಲ ತುಂಬ ಮೆಂತ್ಯ ಸೋಸುತ್ತ, ಬರಲಿರುವ ಸೊಸೆ ಪ್ರಣಾಲಿಗೆ ಹೊಸ ಹೆಸರು ಹುಡುಕುತ್ತಿದ್ದಳು. ಮದುವೆಯ ದಿನ ಮಗ ತಾಟಿನ ಅಕ್ಕಿಯಲ್ಲಿ ಉಂಗುರದಿಂದ ಬರೆಯಬೇಕಾದ ಹೆಸರು. ತನ್ನ ಮದುವೆಯಲ್ಲಿ ಅವಳನ್ನೂ ಹೀಗೇ ಶೇವಂತಾ ಇದ್ದವಳನ್ನು ಮನಿಷಾ ಮಾಡಿದ್ದರು.

ಮುಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಅಜ್ಜನಿಗೆ ಕೆಮಿಸ್ಟ್ರಿ ಒಪ್ಪಿಸುತ್ತಿದ್ದಳು.

“ಲ್ಯಾಂಥನಂ ಅಂದ್ರ ಅಡಗಿ ಕೂತದ್ದು, ಮುತ್ಯಾ.”

“ನಿಮ್ಮಪ್ಪ ಅದಾನಲ್ಲ, ಹೊಲದ ಕೆಲಸ ಅಂದಕೂಡಲೇ.”

“ಡಿಸ್ಪ್ರೋಸಿಯಂ ಅಂದ್ರ ಸುಲಭಕ್ಕ ಕೈಗೆ ಸಿಗಲಾರದ್ದು.”

“ಅದು ನಿಮ್ಮಾಯಿ. ಮದಿವಿಗಿ ಹೂಂ ಅನ್ನಲಿಕ್ಕ ನನಗ ತನ್ನೂರು ಡಾಬಕಾಕ್ಕ ಎಷ್ಟು ಅಡ್ಡಾಡಿಸಿದ್ಲು!”

“ನಿಯೋಡಿಮಿಯಂ ಅಂದ್ರ ಹೊಸ ಅವಳಿ. ಮೊದಲು ಡಿಡಿಮಿಯಂ ಅಂತ ಒಂದೇ ಧಾತು ತಿಳಕೊಂಡಿದ್ರು. ಬಿಡಿಸಿ ನೋಡಿದ್ರ ಒಳಗ ಎರಡು.”

“ಹಳೇ ಹೆಸರು ಏನಾಯ್ತು?”

“ಕೈಬಿಟ್ರು.”

“ನಿಮ್ಮಾಯಿದೂ ಮದಿವ್ಯಾಗ ಹಂಗೇ ಬಿಡಿಸಿದ್ವಿ. ಈಗೂ ಹಳೇ ಹೆಸರು ಮೆಲ್ಲಕ ಅಂದ್ರೂ ಹೊರಳಿ ನೋಡ್ತಾಳ. ನಾವಿಟ್ಟಿದ್ದಕ್ಕ ಗಂಟಲು ಹರಕೋಬೇಕು.”

“ಅದು ಹೆಸರಿಂದಲ್ಲ ಮುತ್ಯಾ, ನಿನ್ನ ದನಿ ಕೇಳಿ ಹಂಗ ಮಾಡ್ತಾಳ.”

“ಹೌದೇಳು. ಜನವಾಡ ಬಂತು, ಇಳಿ.”

ನಗುತ್ತ ಅವರು ಇಳಿದು ಹೋದರು. ತನ್ನ ತಾಯಿ ಸತ್ತ ಮೇಲೆ ಶೇವಂತಾ ಎಂದು ಯಾರೂ ಕರೆದಿಲ್ಲವೆಂಬುದು ಮನಿಷಾಗೆ ನೆನಪಾಯಿತು. ಪ್ರಣಾಲಿ ಪ್ರಣಾಲಿಯೇ ಆಗಿರಲಿ, ಅಕ್ಕಿಯಲ್ಲಿ ಅದನ್ನೇ ಬರೆಸುವೆ ಎಂದುಕೊಂಡಳು.

ಪಕ್ಕದಲ್ಲಿದ್ದ ಅತ್ತೆ ತೂಕಡಿಕೆಯಿಂದ ಎಚ್ಚತ್ತರು. “ಹೆಸರು ಸಿಕ್ತೇನ?”

“ಸಿಕ್ತರಿ ಅತ್ತಿ,” ಎಂದಳು ಮನಿಷಾ. “ಮದಿವಿ ದಿನಾನೇ ಹೇಳ್ತೇನಿ.”