ಏಳನೇ ಟ್ರ್ಯಾಕಿನ ತಿರುವು

"ಹಲೋ… ಯಾರು? ಯಾರು ಮಾತಾಡ್ತಿರೋದು? …"

"ಓ, ನೀನಾ. ಆಫೀಸ್ ನಂಬರಿಂದ ಮಾಡಿದ್ದೀಯ, ಅದಕ್ಕೇ ಮೋಸ ಹೋದೆ. … ಹಾಂ, ನೋಡಿದೆ. ಬೆಳಿಗ್ಗೆಯಿಂದ ಎಂಟು ಸಲ ಮಾಡಿದ್ದೀಯ. ನೋಡಿಯೇ ಎತ್ತಲಿಲ್ಲ. …"

ಆ ಕಡೆ ಇದ್ದವನು ಹೆಂಡತಿಯ ತಮ್ಮ. ಈ ಕಡೆ ಇದ್ದವರಿಗೆ ಆಫೀಸಿನಲ್ಲಿ ತಿರುವು ಮೇಷ್ಟ್ರು ಎಂದು ಹೆಸರು. ಕಾರು ಓಡಿಸುವ ಗೇಮುಗಳಿಗೆ ರಸ್ತೆ ಮಾಡುವುದು ಅವರ ಕಸುಬು. ಇಪ್ಪತ್ತೆರಡು ವರ್ಷದಿಂದ ಬೇರೇನೂ ಮಾಡಿದವರಲ್ಲ. ಕೆಲಸವಿಲ್ಲದೆ ಅಲೆಯುತ್ತಿದ್ದ ಬಾಮೈದನನ್ನು ಕೈಹಿಡಿದು ಆ ಆಫೀಸಿಗೆ ಸೇರಿಸಿದವರೂ ಅವರೇ. ಈಗ ಆ ಬಾಮೈದನೇ ಇಡೀ ಗೇಮಿಗೆ ಯಜಮಾನ, ಮೇಷ್ಟ್ರು ಅವನ ಕೈಕೆಳಗೆ. ಮೂರು ವಾರದಿಂದ ಜ್ವರ ಎಂದು ಬರೆದು ಕಳಿಸಿ, ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು.

"ಜ್ವರ ಬಿಡ್ತಾ ಭಾವ ಅಂತ ಕೇಳ್ತೀಯಲ್ಲ, ನಾಚಿಕೆ ಆಗಲ್ವಾ? ಜ್ವರ ಗಿರ ಏನೂ ಇಲ್ಲ ಅಂತ ನಿನಗೂ ಗೊತ್ತು. ಬಂದ್ರೆ ನಿನ್ನ ಮುಖ ನೋಡ್ಬೇಕಲ್ಲ ಅಂತ ಬಂದಿಲ್ಲ. …"

"ಏನು, ನಾಲ್ಕು ಗಂಟೆಗೆ ಮೀಟಿಂಗಾ? ಇವತ್ತಾ? … ಈಗ ಮೂರೂ ಕಾಲು. … ಅಂದ್ರೆ, ನಾನು ಹೂಂ ಅಂದ್ರೆ ನನ್ನ ಹನ್ನೊಂದು ಟ್ರ್ಯಾಕನ್ನೂ ನಿಮ್ಮ ಊರೊಳಗೆ ಸೇರಿಸ್ಕೊಳ್ತೀರಿ. ಊಹೂಂ ಅಂದ್ರೆ? … ಕಸದ ಬುಟ್ಟಿಗೆ. ಹನ್ನೊಂದೂ. … ಹೊಸಬನನ್ನ ಇಟ್ಕೊಂಡು ಮೊದಲಿಂದ ರಸ್ತೆ ಮಾಡಿಸ್ತೀರಿ. ಚೆನ್ನಾಗಿದೆ ಕಣಪ್ಪ. ಮೂರು ವರ್ಷದ ಕೆಲಸಕ್ಕೆ ಮುಕ್ಕಾಲು ಗಂಟೆ ಟೈಮು. …"

ಜಗಳದ ಮೂಲ ಇಷ್ಟೇ. ಮೊದಲು ಆ ಗೇಮಿನಲ್ಲಿ ಒಂದೊಂದು ಟ್ರ್ಯಾಕು ಒಂದೊಂದು ಓಟ. ಹೊರಟರೆ ಮೂರು ನಿಮಿಷ, ಉಸಿರು ಬಿಡಲು ಪುರುಸೊತ್ತಿಲ್ಲ, ಮುಗಿಯಿತು. ಆಮೇಲೆ ಬಾಮೈದನಿಗೆ ಓಪನ್ ವರ್ಲ್ಡ್ ಎಂಬ ಹುಚ್ಚು ಹತ್ತಿತು. ಇಡೀ ಊರನ್ನೇ ತೆರೆದಿಡಬೇಕು, ಆಡುವವನು ಬೇಕೆನಿಸಿದಾಗ ಓಟಕ್ಕೆ ನಿಲ್ಲಬೇಕು, ಬೇಡವೆನಿಸಿದರೆ ಬೀದಿ ಸುತ್ತಬೇಕು. ಟ್ರ್ಯಾಕುಗಳ ಅಂಚಿನ ಗೋಡೆಗಳನ್ನೆಲ್ಲ ಒಡೆದು, ಅವನ್ನು ಒಂದೇ ಊರಿನ ರಸ್ತೆಗಳಾಗಿ ಜೋಡಿಸಿದ ಪರೀಕ್ಷಾ ಪ್ರತಿಯೊಂದನ್ನು ಮಾಡಿಸಿದ. ಮೇಷ್ಟ್ರಿಗೆ ಜ್ವರ ಬಂದದ್ದು ಆ ವಾರವೇ.

"ಸ್ವಾತಂತ್ರ್ಯ. ಆ ಮಾತು ಇನ್ನೊಂದು ಸಲ ಆಡಿದ್ರೆ ಫೋನ್ ಇಡ್ತೀನಿ. … ಏನ್ ಸ್ವಾತಂತ್ರ್ಯನಪ್ಪಾ ಅದು? ಒಬ್ಬ ಬಂದು ಕಾರಲ್ಲಿ ಕೂತ. ಓಡಿಸ್ಬೇಕು ಅಂತ ಕೈ ತುರಿಸ್ತಾ ಇದೆ. ನೀನು ಅವನಿಗೆ ಏನಂತೀಯ? ನಾಲ್ಕು ಕಿಲೋಮೀಟರ್ ಹೋಗಿ ಓಟ ಎಲ್ಲಿ ಶುರುವಾಗುತ್ತೆ ಹುಡ್ಕೋ ಅಂತೀಯ. ಊಟಕ್ಕೆ ಕರೆದು, ತಟ್ಟೆ ತಗೊಂಡ್ ಬಾ ಅಂತ ಪೇಟೆಗೆ ಕಳಿಸಿದ ಹಾಗೆ. …"

"ಓಹೋ, ಮ್ಯಾಪ್ ಒತ್ತಿದ್ರೆ ನೇರ ಅಲ್ಲಿಗೇ ಹಾರಬಹುದಾ? ಹಾಗಾದ್ರೆ ಊರು ಯಾಕೆ ಕಟ್ಟಿದ್ರಿ? ಹಾಂ? … ನೀನು ಆಡೋವಾಗ ಹೇಗೆ ಹೋಗ್ತೀಯ, ಅದು ಹೇಳು. ನಿಮ್ಮಕ್ಕನ ಮೇಲಾಣೆ ಇಟ್ಟು ಹೇಳು. … ನೋಡಿದ್ಯಾ, ಹಾರ್ತೀಯ. ಕಟ್ಟಿದೋನೇ ಓಡಿಸೋದಿಲ್ಲ, ಊರವರೆಲ್ಲ ಓಡಿಸ್ಬೇಕು. ಅಲ್ವಾ? …"

"ಮತ್ತೆ ಆ ರಸ್ತೆ ಅಗಲ. ನಾನು ಒಂಬತ್ತು ಮೀಟರ್ ಇಟ್ಟಿದ್ದನ್ನ ಹದಿನೆಂಟು ಮಾಡಿದ್ದೀರಂತೆ. … ಯಾರೋ ಹೇಳಿದ್ರು, ಯಾರಾದ್ರೆ ನಿನಗೇನು. ಯಾಕೆ ಮಾಡಿದ್ರಿ? … ಯಾವ ಕಡೆಯಿಂದ ಬಂದ್ರೂ ಗುದ್ದಬಾರದು ಅಂತ. ಗುದ್ದಬಾರದು ಅಂದ್ರೆ ಮನೇಲಿ ಸೋಫಾ ಮೇಲೆ ಕಾಲು ಚಾಚಿ ಮಲಕ್ಕೊಳ್ಳಲಿ. … ಅಲ್ಲಪ್ಪಾ, ಬ್ರೇಕೇ ಒತ್ತಬೇಕಾಗಿಲ್ಲ ಅಂದ್ಮೇಲೆ ಅದು ತಿರುವಲ್ಲ, ಮೈದಾನ. ಹಸು ಮೇಯಿಸಿ ಅಲ್ಲಿ. …"

"ಆ ಬಾಣದ ಸುದ್ದಿನೂ ಬಂತು. ಗಾಳೀಲಿ ಹಸಿರು ಬಾಣ ತೇಲುತ್ತಂತಲ್ಲ, ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಅಂತ? ಮೊದಲು ದಾರಿ ತಪ್ಪೋ ಹಾಗೆ ಊರು ಕಟ್ಟೋದು, ಆಮೇಲೆ ತಪ್ಪದೇ ಇರಲಿ ಅಂತ ಬಾಣ ನೇತು ಹಾಕೋದು. ಎರಡಕ್ಕೂ ನೀನೇ ಯಜಮಾನ. ತಲೆ ಇದೆಯಾ ನಿನಗೆ? …"

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಯ ಸದ್ದು ನಿಂತಿತು. ತಮ್ಮನ ವಿಷಯಕ್ಕೆ ಬಂದರೆ ಆಕೆಯ ಕಿವಿ ಗೋಡೆ ದಾಟಿ ಬರುತ್ತದೆ. ಮೇಷ್ಟ್ರು ಫೋನಿಗೆ ಅಂಗೈ ಅಡ್ಡ ಹಿಡಿದರು.

"ಏನೂ ಅಂದಿಲ್ಲ ಕಣೇ. ನಿನ್ನ ತಮ್ಮನ ಆರೋಗ್ಯ ವಿಚಾರಿಸ್ತಿದ್ದೆ. …"

"ಹಾಂ, ಹೇಳು. … ನಾನಾ? … ಇಲ್ಲ, ನೋಡಿಲ್ಲ. … ಆ ಹೊಸ ಊರಿನ ಗೇಮ್ ನೀನು ಕಳಿಸಿ ಮೂರು ವಾರ ಆಯ್ತು, ಕಂಪ್ಯೂಟರಲ್ಲಿ ಹಾಗೇ ಬಿದ್ದಿದೆ, ತೆರೆದಿಲ್ಲ. ಹಳಸಿದೆ ಅಂತ ವಾಸನೇಲೇ ಗೊತ್ತಾದ್ಮೇಲೆ ತಿಂದೂ ನೋಡ್ಬೇಕಾ? …"

"ಏಳನೇದಾ? ಕಲ್ಲುಕ್ವಾರಿದು? ಅದಕ್ಕೇನು ಮಾಡಿದ್ರಿ? ಅದನ್ನೂ ಅಗಲ ಮಾಡಿದ್ರಾ? … ಮಾಡಿಲ್ಲ. ಬೆಟ್ಟ ಅಡ್ಡ ಬಂತು. ಪುಣ್ಯ. …"

ಏಳನೇ ಟ್ರ್ಯಾಕು ಎಂದರೆ ಮೇಷ್ಟ್ರಿಗೆ ಪ್ರಾಣ. ಬೆಟ್ಟದಿಂದ ಇಳಿದು ಬರುವಾಗ ಎಡಕ್ಕೊಂದು ನೀರಿನ ಟ್ಯಾಂಕು ಕಾಣುತ್ತದೆ. ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ಎತ್ತಬೇಕು. ತಿರುವು ಶುರುವಿನಲ್ಲಿ ಸಲೀಸು, ಹೋಗುತ್ತಾ ಹೋಗುತ್ತಾ ಬಿಗಿ. ಸಲೀಸೆಂದು ನಂಬಿ ನುಗ್ಗಿದವನು ಕೊನೆಗೆ ಕ್ವಾರಿಯ ಕಲ್ಲಿಗೆ ಬಡಿಯುತ್ತಾನೆ, ತಪ್ಪಿಸಿಕೊಂಡವನು ಕೆಳಗಿನ ಸೇತುವೆಗೆ ಜಾರುತ್ತಾನೆ. ಆ ಒಂದು ತಿರುವಿನಲ್ಲಿ ಅವರು ಸಾವಿರದ ಮುನ್ನೂರು ಸಲ ಕಾರು ಓಡಿಸಿದ್ದರು. ಪ್ರತಿ ಸಲವೂ ಚಕ್ರ ಎಲ್ಲಿ ಜಾರಿತೆಂದು ಪೆನ್ಸಿಲಿನಲ್ಲಿ ಗೀರು ಎಳೆದ ಹಾಳೆ ಅವರ ಮೇಜಿನ ಮೇಲಿನ ಗೋಡೆಗೆ ಅಂಟಿತ್ತು. ಗೀರುಗಳು ಹೆಚ್ಚಾಗಿ ಹಾಳೆಯ ಆ ಭಾಗ ಕಪ್ಪಾಗಿ ಹೊಳೆಯುತ್ತಿತ್ತು.

"ಆಡಿ ನೋಡೋಕೆ ಅಂತ ಕೂರಿಸಿದ ಇಪ್ಪತ್ತು ಜನರಲ್ಲಿ ಹದಿನಾಲ್ಕು ಜನ ಅಲ್ಲಿಗೇ ಹೋಗ್ತಾರಾ? ಓಟ ಇಲ್ಲದಿದ್ರೂ? … ಅದರಲ್ಲೇನು ಆಶ್ಚರ್ಯ, ಮಾಡಿದೋನು ಯಾರು? … ಅಲ್ಲಿ ನಕ್ಷತ್ರ, ಬಹುಮಾನ ಅಂತ ಏನಾದ್ರೂ ಇಟ್ಟಿದ್ದೀರಾ? … ಏನೂ ಇಲ್ಲ. ಸುಮ್ನೆ ಹೋಗ್ತಾರೆ. ಒಬ್ಬೊಬ್ಬರು ಐವತ್ತು ಸಲ. … ಇದನ್ನ ಮೊದಲೇ ಹೇಳೋದಲ್ವೇನೋ. ಹೇಳು, ಹೇಳು. …"

ಮೇಷ್ಟ್ರು ಕುರ್ಚಿಗೆ ಒರಗಿದರು. ಮೂರು ವಾರದಲ್ಲಿ ಮೊದಲ ಸಲ ಅವರ ಮುಖ ಸಡಿಲವಾಯಿತು.

"ಏನು? … ಇನ್ನೊಂದು ಸಲ ಹೇಳು. … ಕೆಳಗಿನಿಂದ? ಸೇತುವೆ ಕಡೆಯಿಂದ ಮೇಲಕ್ಕೆ? … ಉಲ್ಟಾ? ಹದಿನಾಲ್ಕು ಜನಾನೂ ಉಲ್ಟಾ ಹೋಗ್ತಾರಾ? …"

"ಅಯ್ಯೋ ಮಂಕೇ. ಅಂಗೀನ ಕಾಲಿಗೆ ಹಾಕ್ಕೊಂಡು ಹೊಲಿಗೆ ಚೆನ್ನಾಗಿದೆ ಅಂದ ಹಾಗಾಯ್ತು. … ತಪ್ಪು ದಾರಿ ಅಂತ ಕೆಂಪು ಬೋರ್ಡ್ ಬರಬೇಕಲ್ವಾ ಅಲ್ಲಿ? ಮೂರು ಸೆಕೆಂಡಲ್ಲಿ ಕಾರನ್ನ ಎತ್ತಿ ಸರಿ ಮಾಡಿ ಇಡಬೇಕಲ್ವಾ? … ತೆಗೆದುಹಾಕಿದ್ರಿ. ಓಪನ್ ವರ್ಲ್ಡಲ್ಲಿ ತಪ್ಪು ದಾರಿ ಅನ್ನೋದೇ ಇಲ್ಲ. ಭೇಷ್. …"

"ಯಾರು ಶುರು ಮಾಡಿದ್ದು ಈ ಮಂಗಾಟ? … ಬಾಗಿಲ ಹತ್ತಿರ ಕೂತು ಬಂದವರು ಹೋದವರ ಹೊತ್ತು ಬರ್ಕೊಳ್ತಾಳಲ್ಲ, ಅವಳಾ? ಅವಳು ಗೇಮ್ ಆಡ್ತಾಳಾ? … ಹುಟ್ಟಿದ್ಮೇಲೆ ಆಡಿಲ್ಲ. ಇಪ್ಪತ್ತಕ್ಕೆ ಒಬ್ಬರು ಕಮ್ಮಿ ಬಿದ್ರು ಅಂತ ಎಳ್ಕೊಂಡು ಬಂದು ಕೂರಿಸಿದ್ರಿ. ದಾರಿ ತಪ್ಪಿ ಆ ಕಡೆಯಿಂದ ಬಂದಳು. … ಆಮೇಲೆ ದಿನಾ ಊಟದ ಹೊತ್ತಲ್ಲಿ ಬಂದು ಕೂತಳು. ಅವಳನ್ನ ನೋಡಿ ಮಿಕ್ಕವರು. ಕುರಿ ಮಂದೆ. …"

"ಆಯ್ತು. ನೀನು ಬಾಯಿ ಮುಚ್ಕೊಂಡು ಕೇಳ್ತಾ ಇರು, ಈಗಲೇ ತೋರಿಸ್ತೀನಿ. ಗೇಮ್ ಹಾಕ್ತಾ ಇದ್ದೀನಿ. … ಬೇಡ, ಇಡಬೇಡ, ಸ್ಪೀಕರ್‌ಗೆ ಹಾಕ್ತೀನಿ. …"

ಫೋನನ್ನು ಪೆನ್ಸಿಲ್ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದ ಸ್ಟಿಯರಿಂಗ್ ಚಕ್ರದ ಮೇಲೆ ಮೂರು ವಾರದ ಧೂಳು ಕೂತಿತ್ತು. ಅಂಗಿಯ ತೋಳಿನಿಂದ ಒರೆಸಿದರು. ಗೋಡೆಯ ಗಡಿಯಾರ ಮೂರೂವರೆ ದಾಟಿತ್ತು.

"ಎಲ್ಲಿದ್ದೀನಿ ನಾನು? ಯಾವುದೋ ಪೆಟ್ರೋಲ್ ಬಂಕು. … ಆರು ಕಿಲೋಮೀಟ್ರಾ? … ಹೌದು, ಮ್ಯಾಪ್ ಒತ್ತಿದೆ. ಹಾರಿದೆ. ನಗಬೇಡ. …"

"ಸೇತುವೆ ಬಂತು. ಏನ್ ಕಾಣುತ್ತೆ ಇಲ್ಲಿಂದ, ಮಣ್ಣು. ಟ್ಯಾಂಕ್ ಎಲ್ಲಿ? ಬಂಡೆ ಹಿಂದೆ. ಮತ್ತೆ ಎಲ್ಲಿ ಬ್ರೇಕ್ ಒತ್ತೋದು? … ಗುದ್ದಿತು. ಕೇಳಿಸ್ತಾ? ಹೇಳಿದ್ನಲ್ಲ, ಇದು ಈ ಕಡೆಯಿಂದ ರಸ್ತೆನೇ ಅಲ್ಲ. …"

"ಏನು? ಕಂಬಾನಾ? … ಸೇತುವೆ ಮೇಲಿನ ದೀಪದ ಕಂಬ ಎಣಿಸ್ತಾಳಾ? ನಾಲ್ಕನೇದಕ್ಕೆ ಬ್ರೇಕಾ? … ಆ ಕಂಬ ಜಾಗ ಬೋಳಾಗಿ ಕಾಣ್ತಿತ್ತು ಅಂತ ನೆಟ್ಟಿದ್ದು ಕಣೋ, ಅದಕ್ಕೂ ತಿರುವಿಗೂ ಏನ್ ಸಂಬಂಧ. … ಸರಿ, ಸರಿ. ಒಂದು, ಎರಡು, ಮೂರು…"

ನಾಲ್ಕನೇ ಕಂಬಕ್ಕೆ ಮೇಷ್ಟ್ರು ಬ್ರೇಕು ಒತ್ತಿ ಚಕ್ರ ತಿರುಗಿಸಿದರು. ಶುರುವಿನಲ್ಲೇ ತಿರುವು ಕತ್ತು ಹಿಡಿಯಿತು. ಕಾರು ಜಾರಿತು, ಬಾಲ ಕಲ್ಲಿಗೆ ತಾಗಿಯೇ ಬಿಟ್ಟಿತು ಎನ್ನುವಷ್ಟರಲ್ಲಿ ರಸ್ತೆ ಸಡಿಲವಾಗತೊಡಗಿತು. ಸಡಿಲವಾಗುತ್ತಾ ಹೋದ ಹಾಗೆ ಅವರ ಕಾಲು ತಾನಾಗಿ ಕೆಳಗೆ ಒತ್ತಿತು. ಬಂಡೆ ಸರಿದು, ಇದ್ದಕ್ಕಿದ್ದಂತೆ ಬೆಟ್ಟದ ನೆತ್ತಿ, ಬಿಳಿಯ ಟ್ಯಾಂಕು, ಅದರ ಹಿಂದೆ ಆಕಾಶ. ತಾವೇ ಬಳಿದ ಆಕಾಶವನ್ನು ಅವರು ಈ ಕಡೆಯಿಂದ ಕಂಡಿರಲೇ ಇಲ್ಲ. ಮೇಷ್ಟ್ರಿಗೆ ಖುಷಿಯಾಯಿತು. ಮತ್ತೆ ಸೇತುವೆಗೆ ಇಳಿದು ಮತ್ತೆ ಹತ್ತಿದರು. ಮತ್ತೊಂದು ಸಲ ಹತ್ತಿದರು. ಹೆಂಡತಿ ಮಡಚಿದ ಬಟ್ಟೆಯ ಕಟ್ಟು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"… ಇದ್ದೀನಿ. … ಇದ್ದೀನಿ ಅಂದೆನಲ್ಲ. … ಹೂಂ, ಚೆನ್ನಾಗಿದೆ. … ಇನ್ನೊಂದು ಸಲ ಹೇಳಲ್ಲ, ಕೇಳಿಸ್ಕೊಂಡಿದ್ರೆ ಕೇಳಿಸ್ಕೋ. …"

"ಸಾವಿರದ ಮುನ್ನೂರು ಸಲ ಇಳಿದಿದ್ದೀನಿ ಕಣೋ. ಒಂದೇ ಒಂದು ಸಲ ಹತ್ತಿ ನೋಡ್ಲಿಲ್ಲ. ಯಾಕೆ ಗೊತ್ತಾ? ಆ ಕೆಂಪು ಬೋರ್ಡ್ ಹಾಕಿದೋನು ನಾನೇ. ತಪ್ಪು ದಾರಿ ಅಂತ ನಾನೇ ಬರೆದು, ನಾನೇ ಓದಿ, ನಾನೇ ನಂಬಿದೆ. … ನನ್ನಷ್ಟು ದಡ್ಡ ನೀನೂ ಅಲ್ಲ. …"

"ಬೀಗಬೇಡ. ನೀನೇನೂ ಗೆದ್ದಿಲ್ಲ. ನಿನ್ನ ಊರು ದಂಡ, ಆ ಬಾಣ ದಂಡ, ಆ ಪೆಟ್ರೋಲ್ ಬಂಕಂತೂ ಶುದ್ಧ ದಂಡ. ಏಳನೇದು ಉಳಿದಿದ್ದು ಯಾಕೆ? ನಿಮಗೆ ಅಗಲ ಮಾಡೋಕೆ ಆಗ್ಲಿಲ್ಲ, ಅದಕ್ಕೆ. ಮಿಕ್ಕ ಹತ್ತನ್ನೂ ಒಂಬತ್ತು ಮೀಟರ್‌ಗೆ ಇಳಿಸು. … ಇಳಿಸ್ತೀಯಾ? ಬರ್ಕೊಟ್ಟು ಹೇಳ್ತೀಯಾ ಮೀಟಿಂಗಲ್ಲಿ? … ಹಾಗಿದ್ರೆ ಹೂಂ. … ಹೂಂ ಅಂದೆ. ಗೋಡೆ ಒಡ್ಕೋ ಹೋಗು. ನಾಳೆ ಬಂದು ಆ ಹತ್ತನ್ನೂ ಹಿಂದಿನಿಂದ ಹತ್ತಿ ನೋಡ್ತೀನಿ. …"

"ಏನು, ತಿರುವಿಗೆ ನನ್ನ ಹೆಸರಾ? … ಬೇಡ. … ಸಂಕೋಚ ಅಲ್ಲ, ಸುಳ್ಳಾಗುತ್ತೆ. ಇಳಿಯೋರಿಗೆ ಕಾಣೋ ಕಡೆ ಬೇಕಾದ್ರೆ ಹಾಕು, ಅದು ನಂದು. ಹತ್ತೋ ಕಡೆ ನಾನು ಮಾಡಿದ್ದಲ್ಲ. ಅಲ್ಲಿ ಅವಳ ಹೆಸರು ಹಾಕು. … ಏನವಳ ಹೆಸರು? …"

"ಗೊತ್ತಿಲ್ವಾ? ಮೂರು ವಾರ ಅವಳು ಎಷ್ಟು ಸಲ ಹತ್ತಿದ್ಲು ಅಂತ ಕೂತು ಎಣಿಸಿದ್ದೀಯ, ಹೆಸರು ಗೊತ್ತಿಲ್ವಾ? ಥೂ ನಿನ್ನ. … ನನಗಾ? …"

ಮೇಷ್ಟ್ರು ಚಕ್ರದಿಂದ ಕೈ ತೆಗೆದರು.

"… ನನಗೂ ಗೊತ್ತಿಲ್ಲ. ಆರು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ನಿಂತು ನಮಸ್ಕಾರ ಸರ್ ಅಂತಾಳೆ. ನಾನು ತಲೆ ಎತ್ತಿದ್ದೂ ಇಲ್ಲ. … ಹೋಗು. ಮೀಟಿಂಗ್ ಆಮೇಲೆ, ಮೊದಲು ಹೋಗಿ ಕೇಳ್ಕೊಂಡು ಬಾ. … ಹಿಡ್ಕೊಂಡಿರ್ತೀನಿ. …"

ಆ ಕಡೆ ಕುರ್ಚಿ ಸರಿದ ಸದ್ದು, ದೂರವಾದ ಹೆಜ್ಜೆ. ಮೇಷ್ಟ್ರು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಒತ್ತಿಕೊಂಡರು. ನಾಲ್ಕಕ್ಕೆ ನಾಲ್ಕು ನಿಮಿಷ ಇತ್ತು. ಹೆಂಡತಿ ಏನಾಯ್ತು ಎಂದು ಕೇಳಿದಾಗ ಕೈಸನ್ನೆಯಲ್ಲಿ ಸುಮ್ಮನಿರಿಸಿದರು.

"ಹಾಂ, ಬಂದ್ಯಾ? … ಅವಳೇ ಬಂದಿದ್ದಾಳಾ? ಕೊಡು, ಕೊಡು. ಅವರ ಕೈಗೆ ಫೋನ್ ಕೊಟ್ಟು ನೀನು ಆಚೆ ಹೋಗು. …"

"ಹಲೋ… ನಮಸ್ಕಾರ. ಹಾಂ, ನಾನೇ. … ಇಲ್ಲಮ್ಮ, ಬೈಯೋಕೆ ಅಲ್ಲ, ಹೆದರಬೇಡಿ. … ಅಲ್ಲ, ನಾಲ್ಕನೇ ಕಂಬದ ಹತ್ತಿರ ಬ್ರೇಕ್ ಪೂರ್ತಿ ಒತ್ತುತ್ತೀರಾ, ಅರ್ಧನಾ? ನನಗೆ ಪ್ರತಿ ಸಲ ಬಾಲ ತಾಗೋ ಹಾಗಾಗ್ತಾ ಇದೆ. … ಹೌದಾ? ಒತ್ತೋದೇ ಇಲ್ವಾ? ಬರೀ ಕಾಲು ಎತ್ತೋದಾ? … ತಾಳಿ, ತಾಳಿ, ಅದು ಆಮೇಲೆ. ಮೊದಲು ನಿಮ್ಮ ಹೆಸರು ಹೇಳಿ. … ಹಲೋ? … ಲೈನ್ ಕಟ್ ಆಗ್ತಾ ಇದೆ, ಕೇಳಿಸ್ಲಿಲ್ಲ. ಹೆಸರು, ನಿಮ್ಮ ಹೆಸರು… ಹಲೋ? …"