ತಲೆದಿಂಬು ತುಂಬಿದ ಚೀಲ

ಹೇಳಿಕೆ ಕೊಡುತ್ತಿರುವ ನಾನು, ವಯಸ್ಸು ಐವತ್ತೊಂದು, ಕಸುಬು ಸಾಕ್ಷ್ಯಚಿತ್ರ ತೆಗೆಯುವುದು, ವಾಸ ಬಸ್ ಡಿಪೋ ಹಿಂದಿನ ಬೀದಿ, ಮೊದಲ ಮಹಡಿ. ಕ್ಯಾಮೆರಾ ಮೇಷ್ಟ್ರು ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ತಮ್ಮ ಮುಂದೆ ಈ ಮೂಲಕ ತಿಳಿಸುವುದೇನೆಂದರೆ:

ಕಾಣೆಯಾದವರನ್ನು ನೆರೆಹೊರೆಯವರು ಸಿಪಾಯಿ ಎನ್ನುತ್ತಾರೆ. ಹದಿನೇಳು ವರ್ಷ ಸೈನ್ಯದಲ್ಲಿದ್ದು, ನಿವೃತ್ತರಾದ ಮೇಲೆ ಸಂಬಳಕ್ಕಾಗಿ ಬೇರೆಯವರ ಯುದ್ಧದಲ್ಲಿ ಎರಡು ವರ್ಷ ಹೋರಾಡಿ ಬಂದವರು. ಯಾರ ಪರ ಎಂದು ನಾನು ಕೇಳಿದಾಗ, ಮೊದಲ ಆರು ತಿಂಗಳು ತಮಗೂ ಸರಿಯಾಗಿ ಗೊತ್ತಿರಲಿಲ್ಲ ಎಂದು ನಕ್ಕಿದ್ದರು. ಇನ್ನು ಹೋಗುವುದಿಲ್ಲ ಎಂದು ಹೆಂಡತಿಗೆ ಮಾತು ಕೊಟ್ಟಿದ್ದರು. ಆ ಮಾತಿನ ಮೇಲೆಯೇ ಆಕೆ, ಅವರ ಬಗ್ಗೆ ನಾನು ತೆಗೆಯುತ್ತಿರುವ ಸಾಕ್ಷ್ಯಚಿತ್ರದ ಚಿತ್ರೀಕರಣಕ್ಕೆ ಒಪ್ಪಿದ್ದು.

ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ, ಅವರು ಆ ಯುದ್ಧಕ್ಕೆ ಹೊರಟ ದೃಶ್ಯವನ್ನು ಅವರ ಮನೆಯಲ್ಲೇ ಮತ್ತೆ ಮಾಡಿಸಿದೆ. ಹೆಂಡತಿ ಅಡುಗೆಮನೆಯಿಂದ ಬಾಗಿಲಿಗೆ ಬರಬೇಕು. ಅವರು ಚೀಲ ಹೊತ್ತು, ಇಪ್ಪತ್ತು ಮೀಟರ್ ದೂರದ ತಿರುವಿನವರೆಗೆ ನಡೆದು ವಾಪಸ್ ಬರಬೇಕು. ಸೈನ್ಯದ ಹಳೆಯ ಚೀಲಕ್ಕೆ ನಾವೇ ಎರಡು ತಲೆದಿಂಬು ತುರುಕಿದ್ದೆವು. ಎರಡು ಸಲ ತೆಗೆದರೂ ನನಗೆ ಸಮಾಧಾನವಾಗಲಿಲ್ಲ. ಭುಜ ಬಾಗುತ್ತಿಲ್ಲ, ಚೀಲ ಹಗುರವೆಂದು ಎಂಥವರಿಗೂ ಗೊತ್ತಾಗುತ್ತದೆ ಎಂದೆ. "ಹಾಗಾದ್ರೆ ಭಾರ ಮಾಡ್ಕೊಂಡು ಬರ್ತೀನಿ ಮೇಷ್ಟ್ರೇ" ಎಂದು ಒಳಕೋಣೆಗೆ ಹೋದರು. ಫೋನಿನಲ್ಲಿ ಯಾರೊಂದಿಗೋ ಸಣ್ಣ ದನಿಯಲ್ಲಿ ಮಾತಾಡಿದ್ದು ಕೇಳಿಸಿತು. ಪುಸ್ತಕ ಗಿಸ್ತಕ ತುಂಬುತ್ತಿರಬಹುದು ಎಂದುಕೊಂಡೆ.

ಮೂರನೇ ಸಲ ಭುಜ ಬಾಗಿತ್ತು. ಹೆಂಡತಿಗೆ ಅಳಬೇಕೆಂದು ಹೇಳಿಕೊಟ್ಟಿದ್ದೆ. ಆಕೆಗೆ ನಗು ತಡೆಯಲಾಗಲಿಲ್ಲ. "ಸಾಕು ಹೋಗಿ, ಇನ್ನೆಷ್ಟು ಸಲ ಹೋಗ್ತೀರ" ಎಂದರು. ಅವರು ಆಕೆಯ ಕೆನ್ನೆಗೆ ಅಂಟಿದ್ದ ಹಿಟ್ಟು ಒರೆಸಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನನಗೆ ಖುಷಿಯೋ ಖುಷಿ. ಅವರು ತಿರುವಿನಲ್ಲಿ ಮರೆಯಾದಾಗ, ಬಹಳ ಚೆನ್ನಾಗಿ ಬಂತು ಎಂದು ಕೂಗಿ ಹೇಳಿದೆ.

ಟೀ ಆರಿದರೂ ಅವರು ಬರಲಿಲ್ಲ. ತಿರುವಿನ ಆಚೆ ಯಾರೂ ಇರಲಿಲ್ಲ, ಫೋನ್ ಬಂದ್ ಆಗಿತ್ತು. ಒಳಕೋಣೆಯಲ್ಲಿ ತಲೆದಿಂಬುಗಳು ಮಂಚದ ಮೇಲೆ ಓರಣವಾಗಿದ್ದವು. ಬಟ್ಟೆ, ಪಾಸ್‌ಪೋರ್ಟ್ ಇರಲಿಲ್ಲ.

ಸ್ವಂತ ಇಚ್ಛೆಯಿಂದ ಹೋದರೇ ಎಂದು ತಾವು ಕೇಳುತ್ತಿದ್ದೀರಿ. ಮೊದಲೇ ಯೋಚಿಸಿದ್ದರೋ, ಚೀಲ ಹಗುರ ಎಂದು ನಾನು ಅಂದ ಮೇಲೆ ಹೊಳೆಯಿತೋ, ತಲೆಬುಡ ತಿಳಿಯುತ್ತಿಲ್ಲ. ಹೋಗಿ ಎಂದವರಂತೂ ನಾವೇ.

ಆ ದೃಶ್ಯವನ್ನು ತಮ್ಮ ವಶಕ್ಕೆ ಕೊಡುವ ಮೊದಲು ಆಕೆಗೆ ತೋರಿಸಿದೆ. ಎರಡು ಸಲ ನೋಡಿದರು. "ಅಣ್ಣಾ, ಇದ್ರಲ್ಲಿ ನಾನು ನಗ್ತಾ ಇದೀನಿ. ಇದೊಂದನ್ನ ಇನ್ನೊಂದ್ಸಲ ತೆಗೀರಿ" ಎಂದರು.

ಬರೆದುಕೊಂಡದ್ದನ್ನು ಓದಿಸಿ ಕೇಳಿದ್ದೇನೆ. ನಾನು ಕಣ್ಣಾರೆ ಕಂಡದ್ದು ಇಷ್ಟೇ, ಇದರಲ್ಲಿ ಸುಳ್ಳಿಲ್ಲ. ಅವರು ಮಾಡಿದ್ದರಲ್ಲಿ ಯಾವುದು ನಟನೆ, ಯಾವುದು ನಿಜ ಎಂದು ಪ್ರಮಾಣ ಮಾಡಲಾರೆ.

ಸ್ಥಳ: ಠಾಣೆ
ದಿನಾಂಕ: ಘಟನೆಯ ಮರುದಿನ
(ಸಹಿ)