ನಾಲ್ಕನೇ ಪಟ್ಟಿ

ಪಾಳುಬಾವಿ ಹತ್ತಿರ ಬಂದಾಗ ನನ್ನ ಷಡ್ಡಕನಿಗೆ ಹೆದರೋಕೂ ತ್ರಾಣ ಇರಲಿಲ್ಲ. ಊರೆಲ್ಲ ಮಲಗಿತ್ತು. ಚಪ್ಪಲಿಗಳೇ ನಡೀತಿದ್ವು, ಇವನು ಅವುಗಳ ಮೇಲೆ ಸುಮ್ಮನೆ ನಿಂತಿದ್ದ ಅಷ್ಟೇ. ನನ್ನ ಮಾತು ಬಿಡಿ, ನನ್ನ ಕೆಮ್ಮು ಕೇಳಿದ್ರೇ ದೆವ್ವಗಳು ಮರ ಇಳಿದು ಓಡ್ತವೆ. ಇವನು ಪಾಪದವನು. ಸುಳ್ಳು ಹೇಳೋಕೂ ಬಾರದು.

ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಅವನ ಕೆಲಸ. ಅವತ್ತು ಒಬ್ಬ ಬಡಗಿಯ ಸರದಿ. ಮೂವತ್ತು ವರ್ಷ ಮರದ ಹೊಟ್ಟು ಕುಡಿದ ಮೂಗು. ಒಳಗೆ ಕಣ್ಣಿನ ಬುಡದವರೆಗೂ ಗಡ್ಡೆ ಬೆಳೆದಿತ್ತು. ಡಾಕ್ಟರು ಹೊಳ್ಳೆಯಿಂದಲೇ ಕ್ಯಾಮೆರಾ ಇಳಿಸಿ, ಚೂರು ಚೂರಾಗಿ ಏಳು ಗಂಟೆ ಹೊತ್ತು ತೆಗೆದರು. ರಕ್ತ ನಿಲ್ಲಲಿ ಅಂತ ಉದ್ದುದ್ದ ಬಟ್ಟೆ ಪಟ್ಟಿ ತುರುಕಿದರು. ಪ್ರತಿ ಪಟ್ಟಿಯ ತುದಿಗೂ ದಾರ ಕಟ್ಟಿ ಕೆನ್ನೆಗೆ ಅಂಟಿಸಬೇಕು. ಇಲ್ಲದಿದ್ರೆ ಅದು ಹಿಂದಿನಿಂದ ಗಂಟಲಿಗೆ ಜಾರಿ ಉಸಿರು ಕಟ್ಟುತ್ತೆ. ಅಂಟಿಸೋದು, ಎಣಿಸಿ ಹಲಗೆ ಮೇಲೆ ಬರೆಯೋದು ಇವನ ಪಾಲಿಗೆ. ಮೂರು ದಾರ ಅಂಟಿಸಿ, ಮೂರು ಅಂತ ಬರೆದು ಹೊರಟಿದ್ದ.

ಬಾವಿಕಟ್ಟೆ ಮೇಲೆ ಯಾರೋ ಕೂತಿದ್ರು... ಕತ್ತು ಹಿಂದಕ್ಕೆ ಚೆಲ್ಲಿ. ಮೈಯಿಂದ ನೀರು ತೊಟ್ಟಿಕ್ತಿತ್ತು.

ಸರ್ರ್... ಸರ್ರ್... ಒದ್ದೆ ಬಟ್ಟೆ ಕಲ್ಲಿನ ಮೇಲೆ ಎಳೆದ ಸದ್ದು. ಆ ಆಸಾಮಿ ತನ್ನ ಮೂಗಿನಿಂದ ಪಟ್ಟಿ ಎಳೀತಿದ್ದ. ಎಳೀತಾನೇ ಇದ್ದ... ಅದು ಮುಗೀತಾನೇ ಇರಲಿಲ್ಲ.

"ಎಷ್ಟು ಇಟ್ರಿ?" ಮೂಗು ಕಟ್ಟಿದ ದನಿ.

"ಮೂರು."

"ನಾಲ್ಕು ಕಣಪ್ಪ. ನೀನು ತೂಕಡಿಸ್ತಿದ್ದೆ."

ಷಡ್ಡಕ ಬೆರಳು ಮಡಚಿ ಮತ್ತೆ ಎಣಿಸಿದ. ಹೌದು... ಡಾಕ್ಟರು ಪಟ್ಟಿಗೆ ಕೈ ಚಾಚಿದಾಗ ಒಂದು ಗಳಿಗೆ ಕಣ್ಣು ಮುಚ್ಚಿತ್ತು.

"ಬೇಗ ಹೋಗು," ಅಂತು ಅದು. "ನಂಗೂ ಕೂತು ಕೂತು ಸಾಕಾಗಿದೆ."

ಮನೆ ಕೂಗಳತೆ ದೂರದಲ್ಲಿತ್ತು. ಹಾಸಿಗೆ ಕಣ್ಣಿಗೆ ಕಟ್ಟಿತು. ತಪ್ಪು ಒಪ್ಪಿಕೊಂಡ್ರೆ ಕೆಲಸಕ್ಕೂ ಸಂಚಕಾರ. ಆದ್ರೂ ತಿರುಗಿದ. ಓಡೋಕೆ ಆಗಲಿಲ್ಲ, ಗೋಡೆ ಹಿಡ್ಕೊಂಡೇ ಹೋದ.

ವಾರ್ಡಿನ ಆ ತುದಿಯಲ್ಲಿ ನರ್ಸಮ್ಮ ಇನ್ಯಾರಿಗೋ ಸೂಜಿ ಹಾಕ್ತಿದ್ರು. ಈ ತುದಿಯಲ್ಲಿ ಬಡಗಿಯ ಗಂಟಲು ಗೊಳಕ್... ಗೊಳಕ್... ತುಟಿ ನೀಲಿ. ಷಡ್ಡಕ ಆಕೆಯನ್ನ ಕರೆದು, ನನ್ನದೇ ತಪ್ಪು, ಇನ್ನೊಂದು ಪಟ್ಟಿ ಒಳಗಿದೆ ಅಂದ. ಆಕೆ ಬಾಯೊಳಗೆ ಬೆಳಕು ಬಿಟ್ಟು, ಇಕ್ಕಳ ಹಾಕಿ ಎಳೆದರು. ಗೇಣುದ್ದ... ಮೊಳದುದ್ದ... ಬಂತು. ಬಡಗಿ ಹೂಶ್ ಅಂತ ಉಸಿರೆಳೆದ.

ಬೆಳಿಗ್ಗೆ ಡಾಕ್ಟರು ಇವನ ಚಳಿ ಬಿಡಿಸಿದರು. ಆಮೇಲೆ ಅವರೇ, ಎರಡು ದಿನ ಮಲಗಿ ಬಾ ಅಂತ ಕಳಿಸಿದರು.

ಬಡಗಿಗೆ ದನಿ ಬಂದದ್ದು ಮೂರನೇ ದಿನ. ಇವನ ಕೈ ಹಿಡಿದು ಮೆಲ್ಲಗೆ ಕೇಳಿದ್ನಂತೆ, "ನೀವು ಬರೋವರೆಗೂ ನನ್ನ ದವಡೆ ಅಗಲಿಸಿ ಹಿಡಿದು ಕೂತಿದ್ರಲ್ಲ... ಅವರು ಯಾರು?"

ಆ ರಾತ್ರಿ ಇವನು ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಮಂಚದ ಪಕ್ಕ ಖಾಲಿ ಸ್ಟೂಲು. ಅದರ ಮೇಲೆ ನೀರು ನಿಂತಿತ್ತು, ಅವತ್ತೇ ಷಡ್ಡಕ ತನ್ನ ಟವಲಿನಲ್ಲಿ ಒರೆಸಿದ್ದ.

ನಾನು ಹತ್ತು ಸುಳ್ಳು ಹೇಳಿರಬಹುದು, ಇದು ಹನ್ನೊಂದನೇದಲ್ಲ. ಟವಲು ಅವನ ಮನೆ ತಂತಿ ಮೇಲಿದೆ, ಹೋಗಿ ಮುಟ್ಟಿ ನೋಡಿ. ಎರಡು ಬೇಸಿಗೆ ಕಳೀತು... ಇನ್ನೂ ಒಣಗಿಲ್ಲ.